ಚೆಕ್‌ರೋಲಿನಲ್ಲಿ "ಅಸ್ಸಾಂ 1, ಅಸ್ಸಾಂ 2"

ಕೊಡಗಿನ ಅಮ್ಮತ್ತಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಳೆದ ಸಂಚಿಕೆಯಲ್ಲಿ ಲೈನ್ ಮನೆಯ (ತೋಟದ ಕೂಲಿಯವರು ಇರುವ ಸಾಲು ಮನೆ) ಅಡುಗೆ ಬಗ್ಗೆ ನಾವು ಹಾಕಿದ ಎರಡು ಪುಟ ಅವರಿಗೆ ಸಿಟ್ಟು ತರಿಸಿದೆ. ಪತ್ರದ ಸಾರ ಇಷ್ಟು: "ಅಸ್ಸಾಂ ಅಂತ ಹೇಳಿಕೊಂಡು ಬಂದ ಬಾಂಗ್ಲಾದವರಿಗೆ ನೀವು ಪ್ರಚಾರ ಕೊಡುತ್ತಿದ್ದೀರಿ. ಹಿಂದೂಗಳಾದರೆ ಒಂದು ಮಾತು. ಇವರು ಇವತ್ತು ಕೂಲಿ, ನಾಳೆ ವೋಟು, ನಾಡಿದ್ದು ಕೊಡಗೇ ಅವರದ್ದು. ಧರ್ಮದ ವಿಷಯ ಬಂದರೆ ಪತ್ರಿಕೆಯವರ ಬಾಯಿಗೆ ಬೀಗ. ಉಳಿದ ನಾಲ್ಕು ಸಂಚಿಕೆಯ ಹಣ ವಾಪಸ್ ಕಳಿಸಿ."

ಅಕ್ಕಾ, ನಮಸ್ಕಾರ. 20 ವರ್ಷದ ಚಂದಾದಾರರು ಅಂತ ಬರೆದಿದ್ದೀರಿ, ಅದಕ್ಕೇ ಈ ಸಲಿಗೆ. ಬೈದದ್ದಕ್ಕೆ ಬೇಜಾರಿಲ್ಲ. ನಾಲ್ಕು ಪುಟ ಕೈಯಲ್ಲಿ ಬರೆದು ಬೈಯುವವರು ಈಗ ಎಲ್ಲಿದ್ದಾರೆ? ಎಲ್ಲರೂ ವಾಟ್ಸಾಪಿನಲ್ಲಿ ಕೆಂಪು ಮುಖ ಒತ್ತಿ ಮುಗಿಸುತ್ತಾರೆ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲು ಇದೆ. "ನಮ್ಮ ಲೈನಿನಲ್ಲೇ ಒಂಬತ್ತು ಜನ ಇದ್ದಾರೆ, ಯಾರು ಏನು ಅಂತ ನನಗೇ ಗೊತ್ತಿಲ್ಲ." ನಾನು ಎರಡು ಸಲ ಓದಿದ್ದು ಅದನ್ನೇ.

ಹೋದ ಜನವರಿಯಲ್ಲಿ ಪರಿಚಯದವರ ತೋಟಕ್ಕೆ ಹೋಗಿದ್ದೆ. ರೊಬಸ್ಟಾ ಕೊಯ್ಲು ಜೋರಾಗಿತ್ತು. ಸಂಜೆ ಕಣದ ಪಕ್ಕದಲ್ಲಿ ಚೀಲ ತೂಗುತ್ತಿದ್ದರು, ಹಣ್ಣಿನ ಹುಳಿ ವಾಸನೆ ಎಲ್ಲ ಕಡೆ, ತೋಟದ ಲೆಕ್ಕ ಬರೆಯುವ ರೈಟ್ರು ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ. ಸುಮ್ನೆ ಬಗ್ಗಿ ನೋಡಿದೆ. ಮೇಲೆ ನಮ್ಮ ಕಡೆಯ ನಾಲ್ಕು ಜನರ ಹೆಸರು. ಅದರ ಕೆಳಗೆ ಅಸ್ಸಾಂ 1, ಅಸ್ಸಾಂ 2, ಅಸ್ಸಾಂ 3, ಹೀಗೆ 14ರ ತನಕ. ಎದುರಿಗೆ ಕೆಜಿ ಲೆಕ್ಕ. ಅಸ್ಸಾಂ 6 ಅವತ್ತು 110 ಕೆಜಿ ಕೊಯ್ದಿದ್ದಳು, ಆ ಪುಟದಲ್ಲಿ ಅವಳದ್ದೇ ಜಾಸ್ತಿ. ಹೆಸರೇನಪ್ಪಾ ಅಂದೆ. "ಅದು ಬಾಯಿಗೆ ಬರಲ್ಲ ಸಾರ್" ಅಂದ.

ನಗಬೇಡಿ. ನಾವೂ ಅದನ್ನೇ ಮಾಡಿದ್ದೇವೆ. ನಿಮಗೆ ಸಿಟ್ಟು ತರಿಸಿದ ಆ ಎರಡು ಪುಟ ತೆಗೆದು ನೋಡಿ. ತೋಟದ ಮಾಲೀಕರ ಹೆಸರು ಇನಿಶಿಯಲ್ ಸಮೇತ ಇದೆ. ಮೀನು ಸಾರಿಗೆ ಹುಣಸೆ ಬದಲು ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿ, ಇದು ನಮ್ಮೂರಿನ ಹುಳಿಗಿಂತ ಚೆನ್ನಾಗಿದೆ ಅಂತ ನಕ್ಕ ಹೆಂಗಸಿನ ಫೋಟೋ ಕೆಳಗೆ ಮಾತ್ರ "ಅಸ್ಸಾಂ ಕಾರ್ಮಿಕ ಮಹಿಳೆ" ಎಂದು ಹಾಕಿಬಿಟ್ಟೆವು. ನೀವು ಹಿಡಿಯದ ತಪ್ಪು ಅದು, ನಾನೇ ಹೇಳುತ್ತಿದ್ದೇನೆ.

ಈಗ ಬಾಂಗ್ಲಾ ವಿಷಯ. ಗಡಿ ದಾಟಿ ಬಂದವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ರಾಜ್ಯದಲ್ಲಿ ಅಂಥವರು ಸಿಕ್ಕಿಬಿದ್ದಿದ್ದಾರೆ, ಸುಳ್ಳು ಕಾರ್ಡ್ ಮಾಡಿಕೊಡುವ ಏಜೆಂಟರೂ ಇದ್ದಾರೆ. ಅದನ್ನು ಪೊಲೀಸರು ನೋಡಲಿ, ಗಟ್ಟಿಯಾಗಿಯೇ ನೋಡಲಿ. ಆದರೆ ಬಂಗಾಳಿ ಮಾತಾಡಿದವರೆಲ್ಲ ಬಾಂಗ್ಲಾದವರು ಅನ್ನುವ ಲೆಕ್ಕಕ್ಕೆ ತಲೆಬುಡ ಇಲ್ಲ. ಅಸ್ಸಾಂನ ಬ್ರಹ್ಮಪುತ್ರದ ನಡುಗಡ್ಡೆಗಳಲ್ಲಿ, ಧುಬ್ರಿ, ಬಾರ್ಪೇಟಾ ಕಡೆ, ಬ್ರಿಟಿಷರ ಕಾಲದಲ್ಲೇ ಪೂರ್ವ ಬಂಗಾಳದ ರೈತರು ಬಂದು ಕಾಡು ಕಡಿದು ಸೆಣಬು, ಭತ್ತ ಬೆಳೆದರು. ಆಗ ಪಾಕಿಸ್ತಾನವೂ ಇರಲಿಲ್ಲ, ಬಾಂಗ್ಲಾವೂ ಇರಲಿಲ್ಲ. ಅವರ ಮೊಮ್ಮಕ್ಕಳು ಇವತ್ತಿಗೂ ಮನೆಯಲ್ಲಿ ಬಂಗಾಳಿಯನ್ನೇ ಆಡುತ್ತಾರೆ. ಹೊಳೆ ವರ್ಷ ವರ್ಷ ಜಮೀನು ಕೊರೆದುಕೊಂಡು ಹೋಗುತ್ತದೆ, ಜನ ರೈಲು ಹತ್ತುತ್ತಾರೆ. 2018ರಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟು ದೂರ ಯಾಕೆ, ರಾಯಚೂರು ಜಿಲ್ಲೆಯ ಸಿಂಧನೂರಿಗೆ ಹೋಗಿ. ಅಲ್ಲಿಯ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ 1970ರ ದಶಕದಿಂದ ಬಂಗಾಳಿ ಹಿಂದೂಗಳಿದ್ದಾರೆ, ಅವರು ಬಂದದ್ದು ಈಗಿನ ಬಾಂಗ್ಲಾದಿಂದಲೇ. ಅಲ್ಲಿಯ ಹುಡುಗನೊಬ್ಬ ನಿಮ್ಮ ತೋಟಕ್ಕೆ ಕೆಲಸಕ್ಕೆ ಬಂದರೆ ಮಾತು ಕೇಳಿ ಏನಂತ ತೀರ್ಮಾನ ಮಾಡುತ್ತೀರಿ? 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರ ಶೆಡ್ಡು ಅಂತ ಜೆಸಿಬಿ ತಂದು ಕೆಡವಿದರು. ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಯವರೂ ಇದ್ದರು, ಅಚ್ಚ ಕನ್ನಡದವರು. ಕೊನೆಗೆ ಹೈಕೋರ್ಟು ಮಧ್ಯೆ ಬರಬೇಕಾಯಿತು. ಅದೇ ತಿಂಗಳು ನಮ್ಮ ಜಿಲ್ಲೆಯಲ್ಲೂ ಪೊಲೀಸರು ಸಾವಿರಾರು ಕಾರ್ಮಿಕರನ್ನು ಕರೆಸಿ ಸಾಲಲ್ಲಿ ನಿಲ್ಲಿಸಿ ದಾಖಲೆ ನೋಡಿದ್ದು ನಿಮಗೆ ನೆನಪಿರಬಹುದು.

ದಾಖಲೆ ಇದ್ದರೆ ಭಯ ಯಾಕೆ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಅಸ್ಸಾಂನಲ್ಲಿ ಎನ್‌ಆರ್‌ಸಿ, ಅಂದರೆ ಪೌರರ ಪಟ್ಟಿ, ಆಯಿತಲ್ಲ, 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮೊದಲು ತಾವೋ ತಮ್ಮ ಹಿರಿಯರೋ ಇಲ್ಲಿದ್ದರು ಅಂತ ಕಾಗದದಲ್ಲಿ ತೋರಿಸಬೇಕಿತ್ತು. 3 ಕೋಟಿ 30 ಲಕ್ಷ ಜನರ ಪೈಕಿ 19 ಲಕ್ಷಕ್ಕೂ ಜಾಸ್ತಿ ಜನ 2019ರ ಆಗಸ್ಟ್ 31ರ ಪಟ್ಟಿಯಿಂದ ಹೊರಗುಳಿದರು. ಅದರಲ್ಲಿ ಹಿಂದೂಗಳೂ ಸಾಕಷ್ಟು. ಆ ವರ್ಷವೇ ಮೇ ತಿಂಗಳಲ್ಲಿ ಮೊಹಮ್ಮದ್ ಸನಾವುಲ್ಲಾ ಅನ್ನುವವರನ್ನು ವಿದೇಶಿ ಅಂತ ಬಂಧನ ಕೇಂದ್ರಕ್ಕೆ ಹಾಕಿದರು. ಯಾರವರು? ಸುಮಾರು 30 ವರ್ಷ ಭಾರತೀಯ ಸೇನೆಯಲ್ಲಿ ದುಡಿದು ನಿವೃತ್ತರಾದವರು. ಗೌಹಾಟಿ ಹೈಕೋರ್ಟು ಜಾಮೀನು ಕೊಟ್ಟ ಮೇಲೆ ಹೊರಗೆ ಬಂದರು. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಜಿಲ್ಲೆ ನಮ್ಮದು, ಮನೆ ಮನೆಯಲ್ಲೂ ಮಾಜಿ ಸೈನಿಕರು. ಪಿಂಚಣಿ ಪುಸ್ತಕ ಕೈಯಲ್ಲಿ ಹಿಡಿದು ನಾನು ಈ ದೇಶದವನು ಅಂತ ಸಾಬೀತು ಮಾಡಬೇಕಾದರೆ ಹೇಗಿರುತ್ತದೆ ಅಂತ ನಮ್ಮವರಿಗೆ ಗೊತ್ತಾದಷ್ಟು ಬೇರೆಯವರಿಗೆ ಗೊತ್ತಾಗದು.

ಇನ್ನು "ಹಿಂದೂಗಳಾದರೆ ಒಂದು ಮಾತು". ಬಾಯಿಗೆ ಬೀಗ ಅಂದಿರಲ್ಲ, ತೆಗೆಯುತ್ತೇನೆ. ಅಕ್ಕಾ, ನಿಮ್ಮ ಪತ್ರದ ಗಂಟು ಇಲ್ಲೇ ಇರುವುದು. ಮೊದಲನೇ ಪುಟದಲ್ಲಿ ನಿಮ್ಮ ತಕರಾರು ಅಕ್ರಮವಾಗಿ ಬಂದವರ ಮೇಲೆ. ಎರಡನೇ ಪುಟಕ್ಕೆ ಬರುವಾಗ ಅದು ಶುಕ್ರವಾರ ನಮಾಜಿಗೆ ಹೋಗುವವರ ಮೇಲೆ ತಿರುಗಿದೆ. ಪಾಸ್‌ಪೋರ್ಟ್ ಇಲ್ಲದೆ ಬಂದವನು ಯಾವ ದೇವರಿಗೆ ಕೈ ಮುಗಿದರೂ ಅಕ್ರಮವೇ, ಬಾರ್ಪೇಟಾದಲ್ಲಿ ಹುಟ್ಟಿದವನು ಎಷ್ಟು ಹೊತ್ತು ನಮಾಜು ಮಾಡಿದರೂ ನಮ್ಮ ದೇಶದವನೇ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಅಕ್ರಮ, ಧರ್ಮ ಇವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿತು ಅನ್ನುವುದೇ ನನ್ನ ತಕರಾರು. ಪಾಕಿಸ್ತಾನ, ಬಾಂಗ್ಲಾ, ಅಫ್ಘಾನಿಸ್ತಾನದಲ್ಲಿ ನೊಂದು ಬಂದ ಹಿಂದೂಗಳಿಗೆ ನೆಲೆ ಕೊಡಬೇಕು ಅನ್ನುವವರ ಮಾತು ಖಂಡಿತ ನ್ಯಾಯವೇ, ಸಿಂಧನೂರಿನ ಕ್ಯಾಂಪಿನವರು ಪೌರತ್ವಕ್ಕೆ ಎಷ್ಟು ವರ್ಷ ಅತ್ತ ಇತ್ತ ಇಲ್ಲದೆ ಕಾದರು ನೋಡಿ. ಆದರೆ ಶ್ರೀಲಂಕಾದಲ್ಲಿ ಏಟು ತಿಂದು ಬಂದ ತಮಿಳರು ಆ ಕಾಯ್ದೆಯಲ್ಲಿ ಇಲ್ಲ, ಅವರಲ್ಲಿ ಹೆಚ್ಚಿನವರು ಹಿಂದೂಗಳೇ. ನನಗೆ ಇದು ಸರಿ ಕಾಣಲಿಲ್ಲ, ನಿಮಗೆ ಕಂಡರೆ ಜಗಳ ಮುಂದುವರಿಸೋಣ.

ಕುಶಾಲನಗರದ ಸೇತುವೆ ದಾಟಿದರೆ ಬೈಲುಕುಪ್ಪೆ. 1960ರ ದಶಕದ ಶುರುವಿನಿಂದ ಟಿಬೆಟಿನವರಿದ್ದಾರೆ. ಬೇರೆ ದೇಶದಿಂದಲೇ ಬಂದವರು, ಬೇರೆ ಭಾಷೆ, ಬೇರೆ ಪ್ರಾರ್ಥನೆ, ಬೇರೆ ಊಟ. ಮನೆಗೆ ನೆಂಟರು ಬಂದರೆ ನಾವೇ ಕಾರಲ್ಲಿ ಕೂರಿಸಿಕೊಂಡು ಗೋಲ್ಡನ್ ಟೆಂಪಲ್ ತೋರಿಸಿ, ಮೊಮೊ ತಿನ್ನಿಸಿ ಕರೆತರುತ್ತೇವೆ. ಅವರು ಸರ್ಕಾರ ಕರೆದು ಜಾಗ ಕೊಟ್ಟು ಬಂದವರು, ಕದ್ದು ಬಂದವರಲ್ಲ ಅಂತ ನೀವು ಹೇಳುತ್ತೀರಿ. ಸರಿ, ಒಪ್ಪಿದೆ. ಹಾಗಾದರೆ ನಮಗೆ ಬೇಕಾದದ್ದು ಕಾಗದ ಪತ್ರ ತಾನೇ? ಮುಖ ಅಲ್ಲವಲ್ಲ?

ನಾಡಿದ್ದು ಕೊಡಗು ಅವರದ್ದು ಅನ್ನುವ ಭಯಕ್ಕೆ ಬರುತ್ತೇನೆ. ಇದನ್ನು ಮಾತ್ರ ನಾನು ಹಗುರ ಮಾಡುವುದಿಲ್ಲ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಾಯ್ನುಡಿ ಅಂದವರು 1,13,857 ಜನ. ಅಷ್ಟೇ. ಒಂದು ಲಕ್ಷ ಚಿಲ್ಲರೆ ಜನ ಆಡುವ ಭಾಷೆಯವರಿಗೆ ಹೆದರಿಕೆ ಇರುವುದು ಸಹಜ. ಇದು ಕನ್ನಡದ ನನ್ನಂಥವರಿಗೆ ಬೇಗ ಅರ್ಥ ಆಗುವುದಿಲ್ಲ. (ನಮ್ಮ ತಾತ ಹಾಸನ ಕಡೆಯಿಂದ ಶನಿವಾರಸಂತೆಗೆ ಬಂದು ಅಂಗಡಿ ಇಟ್ಟವರು. 1956ರ ನವೆಂಬರ್ ತನಕ ಕೊಡಗು ಬೇರೆಯೇ ರಾಜ್ಯ, ಅಂದರೆ ಅವರು ಬಂದಾಗ ಪಕ್ಕಾ ಹೊರರಾಜ್ಯದ ವಲಸಿಗ.) ಅದೇ ಗಣತಿಯಲ್ಲಿ ಇನ್ನೊಂದು ಲೆಕ್ಕ ಇದೆ. 2001ರಿಂದ 2011ರ ತನಕ ಇಡೀ ಜಿಲ್ಲೆಗೆ ಸೇರಿದ್ದು ಆರು ಸಾವಿರದಷ್ಟು ಜನ, ನೂರಕ್ಕೆ ಒಂದು ಚಿಲ್ಲರೆ. ರಾಜ್ಯದಲ್ಲಿ ನೂರಕ್ಕೆ 15 ದಾಟಿತ್ತು. ಅದು ಹಳೇ ಲೆಕ್ಕ, ಅಸ್ಸಾಂನವರು ಜಾಸ್ತಿ ಆದದ್ದು ಆಮೇಲೆ ಅನ್ನಬಹುದು ನೀವು. ಇರಲಿ. ಆ ಹತ್ತು ವರ್ಷದಲ್ಲಿ ಬಂದವರೂ ಇದ್ದರು, ಇಲ್ಲಿ ಹುಟ್ಟಿದ ಮಕ್ಕಳೂ ಇದ್ದರು, ಆದರೂ ಲೆಕ್ಕ ಮೇಲೆ ಏಳಲಿಲ್ಲ. ಜಿಲ್ಲೆ ಬಿಟ್ಟು ಹೋದವರು ಅಷ್ಟು ಜನ.

ನಾಪೋಕ್ಲು ಕಡೆ ನನಗೆ ಗೊತ್ತಿರುವ ಒಂದು ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲಮನೆ, ಇದೆ. ಸುಗ್ಗಿ ಹಬ್ಬ ಪುತ್ತರಿಗೆ, ಕಾರೋಣರಿಗೆ (ತೀರಿಹೋದ ಹಿರಿಯರಿಗೆ) ಕೊಡುವ ದಿನಕ್ಕೆ ಒಕ್ಕದವರು (ಆ ಕುಟುಂಬದವರು) ಬರುತ್ತಾರೆ, ಬೆಂಗಳೂರಿನ ಕಾರುಗಳು ಗದ್ದೆ ಬದಿವರೆಗೆ ಸಾಲು ನಿಲ್ಲುತ್ತವೆ. ಉಳಿದ ದಿನ ಬೀಗ. ಜಗಲಿ ಗುಡಿಸಿ, ಅಂಗಳದ ಹುಲ್ಲು ಕಿತ್ತು, ಮಳೆಗಾಲದಲ್ಲಿ ಒಡೆದ ಹೆಂಚು ಬದಲಾಯಿಸುವವನು ಬಾರ್ಪೇಟಾದ ಒಬ್ಬ ಹುಡುಗ. ಅವನು ಆ ಮನೆ ಕಿತ್ತುಕೊಂಡನಾ? ನಿಮ್ಮ ಪಕ್ಕದ ತೋಟ ರೆಸಾರ್ಟ್ ಆಯಿತು ಅಂತ ನೀವೇ ಬರೆದಿದ್ದೀರಿ. ಅದರ ಕ್ರಯಪತ್ರಕ್ಕೆ ಸಹಿ ಹಾಕಿದ್ದು ಯಾವ ಲೈನ್ ಮನೆಯವರೂ ಅಲ್ಲ, ಅಲ್ವಾ.

ವೋಟಿನ ವಿಷಯ. ಅಸ್ಸಾಂನಲ್ಲಿ ಚುನಾವಣೆ ಬಂದರೆ ಇಲ್ಲಿ ಲೈನ್ ಖಾಲಿ ಆಗುತ್ತದೆ, ಮೆಣಸು ಕೊಯ್ಯಲು ಏಣಿ ಹತ್ತುವವರೇ ಇಲ್ಲ ಅಂತ ತೋಟದವರು ಪೇಚಾಡುವುದನ್ನು ನೀವೂ ಕೇಳಿದ್ದೀರಿ. ಊರಿನ ಪಟ್ಟಿಯಿಂದ ಹೆಸರು ಬಿಟ್ಟುಹೋದರೆ ನಾಳೆ ಏನಾದೀತೋ ಅಂತ ಅವರಿಗೆ ಹೆದರಿಕೆ. ಇಲ್ಲಿಯ ಪಟ್ಟಿಗೆ ಸೇರುವ ಆತುರ ನನಗೆ ಕಂಡಿಲ್ಲ.

ಯಾರು ಏನು ಅಂತ ಗೊತ್ತಾಗಬೇಕು ಅನ್ನುವುದರಲ್ಲಿ ನೀವೂ ನಾನೂ ಒಂದೇ. ಗೊತ್ತಾಗಲು ದಾರಿ ಇತ್ತು. ಹೊರರಾಜ್ಯದ ಕೂಲಿಯವರನ್ನು ಕರೆತರುವ ಮೇಸ್ತ್ರಿಗೆ ಲೈಸೆನ್ಸ್ ಇರಬೇಕು, ಒಬ್ಬೊಬ್ಬರಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು ಅಂತ 1979ರ ಕಾಯ್ದೆಯೇ ಹೇಳಿತ್ತು. ಈಗ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅಂಥ ಪಾಸ್‌ಬುಕ್ ಒಂದನ್ನಾದರೂ ನಾನು ಇಲ್ಲಿ ಕಣ್ಣಾರೆ ಕಂಡಿಲ್ಲ. ಹೆಸರು ಬರೆದರೆ ಪಿಎಫ್ ಕೇಳುತ್ತಾರೆ, ಬಿದ್ದರೆ ಪರಿಹಾರ ಕೇಳುತ್ತಾರೆ, ಅದಕ್ಕೇ ಅಸ್ಸಾಂ 6. ಬರೆಯದೆ ಬಿಟ್ಟವರು ನಾವು, ಆಮೇಲೆ ಇವರು ಯಾರೋ ಏನೋ ಅಂತ ಹೆದರುವವರೂ ನಾವೇ. ಬರೀ ಆಧಾರ್ ಜೆರಾಕ್ಸ್ ತೆಗೆದಿಟ್ಟರೆ ಸಾಲದು, ಆಧಾರ್ ಪೌರತ್ವಕ್ಕೆ ಸಾಕ್ಷಿ ಅಲ್ಲ. ಊರು, ಠಾಣೆ, ಮನೆಯವರ ಫೋನ್ ನಂಬರ್ ಕೇಳಿ ಬರೆದುಕೊಳ್ಳಿ, ನಿಮ್ಮ ಠಾಣೆಗೆ ಒಂದು ಪ್ರತಿ ಕೊಡಿ. ಅಲ್ಲಿಂದ ಮುಂದೆ ಅವರ ಊರಿನ ಠಾಣೆಯನ್ನು ವಿಚಾರಿಸುವುದು ಪೊಲೀಸರ ಕೆಲಸ. ಒಂಬತ್ತು ಜನರಿಗೆ ಒಂದು ಸಂಜೆ ಸಾಕು. ಒಬ್ಬನ ಕಾಗದ ಸರಿ ಇಲ್ಲ ಅಂತ ಕಂಡರೆ ಅದನ್ನೂ ಹೇಳಿ, ನಾನು ಬೇಡ ಅನ್ನುವುದಿಲ್ಲ.

ನಿಮ್ಮ ಹಣದ ವಿಷಯ. ನಾಲ್ಕು ಸಂಚಿಕೆಯ ಹಣ ವಾಪಸ್ ಕೊಡಲು ಲೆಕ್ಕದವರಿಗೆ ಹೇಳಿದ್ದೇನೆ. ಮುಂದಿನ ಸಂಚಿಕೆ ಮಾತ್ರ ಆಗಲೇ ಪ್ರೆಸ್ಸಿಗೆ ಹೋಗಿದೆ, ವಿಳಾಸದ ಚೀಟಿಯೂ ಅಂಟಿಸಿ ಆಗಿದೆ, ಹಾಗಾಗಿ ಅದೊಂದು ಬಂದೇ ಬರುತ್ತದೆ. ಕಾಚಂಪುಳಿ ಮೀನು ಸಾರಿನ ಫೋಟೋವನ್ನು ಅದರ 3ನೇ ಪುಟದಲ್ಲಿ ಮತ್ತೆ ಹಾಕಿದ್ದೇವೆ, ಈ ಸಲ ಕೆಳಗೆ ಆ ಹೆಂಗಸಿನ ಹೆಸರು, ಊರು ಎರಡೂ ಇವೆ. ಅವಳೇ ನಿಂತು ಅಕ್ಷರ ಸರಿ ಇದೆಯಾ ಅಂತ ನೋಡಿ ಒಪ್ಪಿದ ಮೇಲೆ ಹಾಕಿದ್ದು.