ಓದುಗರ ಪ್ರಶ್ನೆ: ತಿರುಗದ ಚಕ್ರ, ಮುಗಿಯದ ವೃತ್ತ

ಪ್ರಶ್ನೆ: ಬಣ್ಣದ ವೃತ್ತಗಳ ಚಿತ್ರವೊಂದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದಿತ್ತು. ನೋಡುತ್ತಿದ್ದಂತೆ ಅದರಲ್ಲಿನ ವೃತ್ತಗಳು ತಿರುಗತೊಡಗುತ್ತವೆ. ಇದನ್ನು ಜಪಾನಿನ ವೈದ್ಯರೊಬ್ಬರು ರಚಿಸಿದ್ದಾರೆಂದೂ, ವೇಗವಾಗಿ ತಿರುಗಿದಂತೆ ಕಂಡರೆ ಮಾನಸಿಕ ಒತ್ತಡ ಹೆಚ್ಚಿದೆ ಎಂದರ್ಥವೆಂದೂ ಕೆಳಗೆ ಬರೆದಿತ್ತು. ಇದು ನಿಜವೇ? ಅದು ಚಿತ್ರವೋ, ವಿಡಿಯೋ ತುಣುಕೋ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅದು ಅಲುಗದ ಚಿತ್ರವೇ. ಅನುಮಾನವಿದ್ದರೆ ಕಾಗದದ ಮೇಲೆ ಮುದ್ರಿಸಿ ನೋಡಿ, ಆಗಲೂ ತಿರುಗುತ್ತದೆ. ಒತ್ತಡದ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ. ಇಂಥದೇ ಒಕ್ಕಣೆಯೊಂದಿಗೆ 2018ರಲ್ಲಿ ದೇಶದೇಶಗಳನ್ನು ಸುತ್ತಿದ ಚಿತ್ರವನ್ನು ರಚಿಸಿದವರು ಯುಕ್ರೇನಿನ ಕಲಾವಿದ ಯೂರಿ ಪೆರೆಪಾಡ್ಯ; ಅವರು ಅದನ್ನು 2016ರಲ್ಲಿ ಕಂಪ್ಯೂಟರಿನಲ್ಲಿ ಬರೆದಿದ್ದರು. ವೈದ್ಯರ ಹೆಸರನ್ನು ಯಾರೋ ಆಮೇಲೆ ಅಂಟಿಸಿದರು. ಆದರೂ ಈ ಬಗೆಯ ಚಿತ್ರಗಳಿಗೆ ಜಪಾನಿನ ನಂಟು ಇಲ್ಲದಿಲ್ಲ. ಇವುಗಳಲ್ಲೆಲ್ಲ ಹೆಸರಾದ ‘ತಿರುಗುವ ಹಾವುಗಳು’ ಎಂಬ ಚಿತ್ರವನ್ನು ಕ್ಯೋಟೋದ ರಿತ್ಸುಮೇಕಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಅಕಿಯೋಶಿ ಕಿತಾವೋಕಾ 2003ರಲ್ಲಿ ರಚಿಸಿದರು.

ಆ ಚಿತ್ರದ ಒಂದೇ ಒಂದು ಚಕ್ರವನ್ನು ಹಿಗ್ಗಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ. ಪ್ರತಿ ಬಳೆಯಲ್ಲೂ ಕಪ್ಪು, ನೀಲಿ, ಬಿಳಿ, ಹಳದಿ ತುಂಡುಗಳು ಇದೇ ಸರದಿಯಲ್ಲಿ ಮತ್ತೆ ಮತ್ತೆ ಬರುತ್ತವೆ, ಮತ್ತು ಚಲನೆಯೂ ಇದೇ ದಿಕ್ಕಿನಲ್ಲಿ, ಅಂದರೆ ಕಪ್ಪಿನಿಂದ ನೀಲಿಯ ಕಡೆಗೆ, ಬಿಳಿಯಿಂದ ಹಳದಿಯ ಕಡೆಗೆ, ಕಾಣುತ್ತದೆ. ಇಲ್ಲಿ ಮುಖ್ಯವಾದದ್ದು ಬಣ್ಣವಲ್ಲ, ಹೊಳಪಿನ ಏರಿಳಿತ. ಕಡು ಬೂದು, ತಿಳಿ ಬೂದು ಹಚ್ಚಿದರೂ ಚಕ್ರ ತಿರುಗಿದಂತೆಯೇ ತೋರುತ್ತದೆ. ಸುತ್ತಲಿನದಕ್ಕಿಂತ ತೀರ ಭಿನ್ನವಾಗಿ ಎದ್ದು ಕಾಣುವ ಕಪ್ಪು–ಬಿಳಿಗಳ ಸಂಕೇತ ಮಿದುಳಿನಲ್ಲಿ ಬೇಗ ದಾಖಲಾಗಿ, ನಡುವಿನ ಛಾಯೆಗಳದ್ದು ಕೊಂಚ ತಡವಾಗುತ್ತದೆ ಎಂಬುದು ಸಂಶೋಧಕರು ಕೊಡುವ ಒಂದು ಪ್ರಮುಖ ವಿವರಣೆ. ಒಂದಾದ ಮೇಲೊಂದು ಬಂದ ಸಂಕೇತಗಳನ್ನು ಮಿದುಳು ಚಲನೆಯೆಂದೇ ಓದಿಕೊಳ್ಳುತ್ತದೆ. ನಾವು ರೆಪ್ಪೆ ಮಿಟುಕಿಸಿದಾಗ ಅಥವಾ ಕಣ್ಣುಗುಡ್ಡೆ ನಮಗೇ ತಿಳಿಯದಂತೆ ಕದಲಿದಾಗ ಈ ಓದು ಹೊಸದಾಗಿ ಶುರುವಾಗುತ್ತದೆ. ಹೀಗಾಗಿಯೇ ಒಂದು ಚಕ್ರದ ನಡುವಿನಲ್ಲಿ ದೃಷ್ಟಿ ನೆಟ್ಟು ಕುಳಿತರೆ ಅದು ನಿಂತುಬಿಡುತ್ತದೆ, ಓರೆನೋಟಕ್ಕೆ ಬೀಳುವ ಅಕ್ಕಪಕ್ಕದವು ಮಾತ್ರ ತಿರುಗುತ್ತವೆ. ಕೆಲವರಿಗೆ ಈ ಚಲನೆ ಕಾಣುವುದೇ ಇಲ್ಲ. ಅದರಿಂದ ಯಾರೂ ಚಿಂತಿಸಬೇಕಾಗಿಲ್ಲ, ಬೀಗಬೇಕಾಗಿಯೂ ಇಲ್ಲ.

ಪ್ರಶ್ನೆ: ಸುರುಳಿಯಂತೆ ಕಾಣುವ ಒಂದು ಹಳೆಯ ಚಿತ್ರದಲ್ಲಿ ಗೆರೆಯ ಮೇಲೆ ಬೆರಳಿಟ್ಟು ಸಾಗಿದರೆ ಹೊರಟಲ್ಲಿಗೇ ಬಂದು ಸೇರುತ್ತೇವೆ. ಇದು ಹೇಗೆ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಬ್ರಿಟನ್ನಿನ ಜೇಮ್ಸ್ ಫ್ರೇಸರ್ 1908ರಲ್ಲಿ ಪ್ರಕಟಿಸಿದ ಚಿತ್ರವಿದು. ಅಲ್ಲಿ ಸುರುಳಿಯೇ ಇಲ್ಲ, ಇರುವುದೆಲ್ಲ ಒಂದೇ ಕೇಂದ್ರದ ವೃತ್ತಗಳು. ಪ್ರತಿ ವೃತ್ತವನ್ನೂ ಕಪ್ಪು–ಬಿಳಿ ಎಳೆಗಳನ್ನು ಹೊಸೆದ ಹುರಿಯಂತೆ ಬರೆದಿರುವುದರಿಂದ ಅದರ ಚಿಕ್ಕ ಚಿಕ್ಕ ತುಂಡುಗಳೆಲ್ಲ ಒಂದೇ ಕಡೆಗೆ ತುಸು ವಾಲಿವೆ. ನಮ್ಮ ದೃಷ್ಟಿ ಈ ವಾಲಿಕೆಗಳನ್ನು ಒಟ್ಟುಗೂಡಿಸಿ ಗೆರೆ ಒಳಗೆ ಇಳಿಯುತ್ತಿದೆ ಎಂದು ತೀರ್ಮಾನಿಸುತ್ತದೆ. ಬೆರಳಿಗೆ ಆ ಗೊಂದಲವಿಲ್ಲ.

ಪ್ರಶ್ನೆ: ಇಂಥ ಚಿತ್ರಗಳನ್ನೆಲ್ಲ ‘ಫ್ರ್ಯಾಕ್ಟಲ್ ಕಲೆ’ ಎಂದು ಕರೆಯಬಹುದೇ? ಪ್ರೌಢಶಾಲೆಯ ಮಕ್ಕಳಿಂದ ವೃತ್ತಗಳ ಫ್ರ್ಯಾಕ್ಟಲ್ ಒಂದನ್ನು ಬರೆಸಲು ಸಾಧ್ಯವೇ?
— ಗಣಿತ ಶಿಕ್ಷಕಿ, ಹಾಸನ

ಉತ್ತರ: ಕರೆಯುವುದು ಸರಿಯಲ್ಲ, ಈಚೆಗೆ ಆ ರೂಢಿ ಹೆಚ್ಚಾಗಿದ್ದರೂ. ಮೇಲಿನ ಎರಡು ಚಿತ್ರಗಳಲ್ಲಿ ತಿರುಗುವಿಕೆಯೂ ಸುರುಳಿಯೂ ಇರುವುದು ನೋಡುವವರಲ್ಲಿ. ಫ್ರ್ಯಾಕ್ಟಲ್ ಗುಣವಾದರೋ, ಅಂದರೆ ಹಿಗ್ಗಿಸಿದಷ್ಟೂ ಹೊಸ ವಿವರ ತೋರುವ ಗುಣ, ಇರುವುದು ಆಕೃತಿಯಲ್ಲಿ, ಯಾರೂ ನೋಡದಿದ್ದರೂ ಅದು ಇರುತ್ತದೆ. ಗಣಿತಜ್ಞ ಬೆನುವಾ ಮ್ಯಾಂಡೆಲ್‌ಬ್ರಾಟ್ 1975ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಒಂದೇ ವಿನ್ಯಾಸವನ್ನು ಕೇಂದ್ರದ ಸುತ್ತ ಹತ್ತು ಸಲ ಬರೆದ ಮಾತ್ರಕ್ಕೆ ಅದು ಫ್ರ್ಯಾಕ್ಟಲ್ ಆಗುವುದಿಲ್ಲ; ಎಷ್ಟು ಹಿಗ್ಗಿಸಿದರೂ ಹೊಸ ವಿವರಗಳು ಮೂಡುತ್ತಲೇ ಇರಬೇಕು.

ಮಕ್ಕಳಿಗೆ ಒಪ್ಪುವಂಥದ್ದು ಪ್ರಾಚೀನ ಗ್ರೀಕ್ ಗಣಿತಜ್ಞನ ಹೆಸರು ಹೊತ್ತ ‘ಅಪೊಲೋನಿಯಸ್ಸನ ಜಾಲ’. ಪರಸ್ಪರ ಮುಟ್ಟುವ ಮೂರು ವೃತ್ತಗಳ ನಡುವಿನ ಖಾಲಿ ಜಾಗದಲ್ಲಿ ಮೂರನ್ನೂ ಮುಟ್ಟುವ ವೃತ್ತ ಬರೆಯುವುದು, ಅದರಿಂದ ಹುಟ್ಟುವ ಹೊಸ ಸಂದುಗಳನ್ನೂ ಹಾಗೆಯೇ ತುಂಬುತ್ತ ಹೋಗುವುದು, ಇಷ್ಟೇ ನಿಯಮ. ಕೊನೆಗೂ ತುಂಬದೆ ಉಳಿಯುವ ಆಕೃತಿಯ ಆಯಾಮ ಸುಮಾರು 1.3057, ಅದು ಗೆರೆಯ ಆಯಾಮವಾದ 1ಕ್ಕಿಂತ ಹೆಚ್ಚು, ಸಮತಲದ 2ಕ್ಕಿಂತ ಕಡಿಮೆ.

ಗ್ರಾಫ್ ಹಾಳೆ ಮತ್ತು ಕೈವಾರ ಇದ್ದರೆ ಸಾಕು. ಮೂಲಬಿಂದುವನ್ನು ಕೇಂದ್ರವಾಗಿಟ್ಟು 6 ಸೆಂ.ಮೀ. ತ್ರಿಜ್ಯದ ಹೊರವೃತ್ತ ಬರೆಸಿ. ಅಡ್ಡ ಅಕ್ಷದಲ್ಲಿ ಎಡಕ್ಕೂ ಬಲಕ್ಕೂ 3 ಸೆಂ.ಮೀ. ದೂರದಲ್ಲಿ ಕೇಂದ್ರವಿರುವ, 3 ಸೆಂ.ಮೀ. ತ್ರಿಜ್ಯದ ಎರಡು ವೃತ್ತಗಳು ಬರಲಿ. ಲಂಬ ಅಕ್ಷದಲ್ಲಿ ಮೇಲೂ ಕೆಳಗೂ 4 ಸೆಂ.ಮೀ. ದೂರದಲ್ಲಿ ಕೈವಾರದ ಮುಳ್ಳು ಊರಿ 2 ಸೆಂ.ಮೀ. ತ್ರಿಜ್ಯದವನ್ನು ಬರೆದರೆ, ಅವು ಉಳಿದ ಮೂರನ್ನೂ ಕರಾರುವಾಕ್ಕಾಗಿ ಮುಟ್ಟುತ್ತವೆ. ಕಾರಣವನ್ನು ಮಕ್ಕಳೇ ಹುಡುಕಲಿ: ಕೇಂದ್ರಗಳ ನಡುವೆ ಅಡಗಿರುವುದು 3, 4, 5ರ ಲಂಬಕೋನ ತ್ರಿಭುಜ. ಮುಂದಿನ ನಾಲ್ಕು ವೃತ್ತಗಳ ತ್ರಿಜ್ಯ 1 ಸೆಂ.ಮೀ.; ಅಡ್ಡಲಾಗಿ 3, ಲಂಬವಾಗಿ 4 ಸೆಂ.ಮೀ. ಎಣಿಸಿದರೆ ನಾಲ್ಕು ಮೂಲೆಗಳಲ್ಲೂ ಅವುಗಳ ಕೇಂದ್ರ ಸಿಗುತ್ತದೆ.

ಅಲ್ಲಿಂದ ಮುಂದಕ್ಕೆ, ರೆನೆ ಡೆಕಾರ್ಟ್ 1643ರಲ್ಲಿ ಬೊಹೀಮಿಯದ ರಾಜಕುಮಾರಿ ಎಲಿಜಬೆತ್‌ಗೆ ಪತ್ರದಲ್ಲಿ ತಿಳಿಸಿದ ಸೂತ್ರದಿಂದ ಹೊರಡುವ ಸುಲಭದ ಲೆಕ್ಕವೊಂದು ನೆರವಾಗುತ್ತದೆ. 6ನ್ನು ತ್ರಿಜ್ಯದಿಂದ ಭಾಗಿಸಿ ಪ್ರತಿ ವೃತ್ತಕ್ಕೂ ಒಂದು ಸಂಖ್ಯೆ ಕೊಡಿ: 2, 2, 3, 6 ಹೀಗೆ. ಹೊರವೃತ್ತ ಉಳಿದವನ್ನು ಒಳಗಿನಿಂದ ಮುಟ್ಟುವುದರಿಂದ ಅದಕ್ಕೆ −1. ಯಾವ ಮೂರರ ನಡುವಿನ ಸಂದನ್ನು ತುಂಬಬೇಕೋ ಅವುಗಳ ಸಂಖ್ಯೆಗಳನ್ನು ಕೂಡಿ, ಎರಡರಿಂದ ಗುಣಿಸಿ, ಆ ಮೂರನ್ನೂ ಆಗಲೇ ಮುಟ್ಟಿರುವ ನಾಲ್ಕನೆಯದರ ಸಂಖ್ಯೆಯನ್ನು ಕಳೆಯಬೇಕು. 2, 2, 3ರ ನಡುವೆ 14ರಿಂದ −1 ಕಳೆದು 15 ಬರುತ್ತದೆ, ಅಂದರೆ ತ್ರಿಜ್ಯ 4 ಮಿ.ಮೀ.; 2, 3, 6ರ ನಡುವೆ 23. ಎಷ್ಟು ಮುಂದೆ ಹೋದರೂ ಈ ಜಾಲದಲ್ಲಿ ಭಿನ್ನರಾಶಿ ಬರುವುದೇ ಇಲ್ಲ. 15ರವರೆಗೆ ಕೈವಾರ ಸಾಕು. 23ರ ವೃತ್ತಕ್ಕೆ ಚೂಪಾದ ಪೆನ್ಸಿಲ್ಲೂ ತಾಳ್ಮೆಯೂ ಬೇಕು, ಅದರಾಚೆಗೆ ಶಾಲೆಯ ಕಂಪ್ಯೂಟರಿಗೆ ಬಿಡುವುದೇ ಲೇಸು.