ಏಳೇ ವರ್ಷದ ನ್ಯಾಯಮೂರ್ತಿಗೆ ಇಷ್ಟು ಹೆಸರು ಯಾಕೆ?

ಪ್ರಶ್ನೆ: ಕಾನೂನು ಓದುತ್ತಿರುವ ಮಗಳು ಮಾತೆತ್ತಿದರೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅನ್ನುತ್ತಾಳೆ. ಅವರು ಸುಪ್ರೀಂ ಕೋರ್ಟಿನಲ್ಲಿದ್ದದ್ದು ಏಳು ವರ್ಷ. ಮುಖ್ಯ ನ್ಯಾಯಮೂರ್ತಿಯೂ ಆಗಲಿಲ್ಲ. ಅಂಥದ್ದೇನು ಮಾಡಿದರು?

ಉತ್ತರ: ಒಂದು ಕೇಸು ಹೇಳುತ್ತೇನೆ. ಮೋತಿರಾಮ್, ಮಧ್ಯಪ್ರದೇಶದ ಗಾರೆ ಕೆಲಸದವನು. ಸುಪ್ರೀಂ ಕೋರ್ಟೇ ಅವನಿಗೆ ಜಾಮೀನು ಕೊಟ್ಟಿತ್ತು. ಷರತ್ತು ಹಾಕುವ ಕೆಲಸ ಮಾತ್ರ ಮ್ಯಾಜಿಸ್ಟ್ರೇಟರದ್ದು. ಅವರು 10,000 ರೂಪಾಯಿಗೆ ಶ್ಯೂರಿಟಿ, ಅಂದರೆ ಹೊಣೆ ನಿಲ್ಲುವ ಜಾಮೀನುದಾರ, ಬೇಕು ಅಂದರು. ಒಡಹುಟ್ಟಿದವನೇ ಮುಂದೆ ಬಂದ. ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗೋದಿಲ್ಲ ಅಂದರು! ಜಾಮೀನು ಸಿಕ್ಕಿಯೂ ಮೋತಿರಾಮ್ ಒಳಗೇ ಉಳಿದ.

1978ರಲ್ಲಿ ಇದು ಕೃಷ್ಣ ಅಯ್ಯರ್ ಮುಂದೆ ಬಂತು. ದೂರದ ಚಾಂದನಿ ಚೌಕದಲ್ಲಿ ಬಂಧನವಾದ ಕನ್ನಡಿಗ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ತೀರ್ಪಿನಲ್ಲೇ ಕೇಳಿದರು. ಹೌದು, ಕನ್ನಡಿಗ ಅಂತಲೇ ಇದೆ. 1,000 ರೂಪಾಯಿಯ ಸ್ವಂತ ಬಾಂಡ್, ಅಂದರೆ ಅವನೇ ಬರೆದುಕೊಡುವ ಮುಚ್ಚಳಿಕೆ ಸಾಕು, ಬಿಡಿ ಎಂದರು.

ಜೈಲು ಅವರಿಗೆ ಬರೀ ಪುಸ್ತಕದ ವಿಷಯ ಆಗಿರಲಿಲ್ಲ. 1948ರಲ್ಲಿ ತಾವೇ ಒಳಗಿದ್ದರು. 1957ರ ಕೇರಳ ಸರ್ಕಾರದಲ್ಲಿ ಮಂತ್ರಿಯಾದಾಗ ಜೈಲು ಖಾತೆಯೂ ಅವರ ಬಳಿಯೇ ಇತ್ತು. ಮುಂದೆ ದೆಹಲಿಯ ತಿಹಾರ್ ಜೈಲಿನ ಕೈದಿಯೊಬ್ಬ, ಪಕ್ಕದ ಕೈದಿಗೆ ವಾರ್ಡರ್ ಚಿತ್ರಹಿಂಸೆ ಕೊಟ್ಟ ಅಂತ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದ. ಆ ಪತ್ರವನ್ನೇ ಕೋರ್ಟು ಅರ್ಜಿ ಮಾಡಿಕೊಂಡಿತು. 1979ರಲ್ಲಿ ಅದರ ತೀರ್ಪು ಬರೆದವರು ಇವರೇ. ವಕೀಲರಿಲ್ಲ, ಸ್ಟಾಂಪ್ ಇಲ್ಲ, ಬರೀ ಒಂದು ಕಾಗದ!

ಪತ್ರಿಕೆಗಳಿಗೆ ಜಾಸ್ತಿ ನೆನಪಿರುವುದು 1975ರ ಜೂನ್ 24ರ ಆದೇಶ. ಹೈಕೋರ್ಟು ಆಯ್ಕೆ ರದ್ದು ಮಾಡಿದ್ದ ಇಂದಿರಾ ಗಾಂಧಿ ಪ್ರಧಾನಿಯಾಗಿ ಮುಂದುವರಿಯಬಹುದು, ಆದರೆ ಸಂಸತ್ತಿನಲ್ಲಿ ಮತ ಹಾಕುವಂತಿಲ್ಲ ಎಂದರು. ಮರುದಿನವೇ ತುರ್ತು ಪರಿಸ್ಥಿತಿ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಗಾರೆ ಕೆಲಸದವನ ಕೇಸೇ ದೊಡ್ಡದು.

ಅವರ ಇಂಗ್ಲಿಷ್ ಮಾತ್ರ ಕಷ್ಟ. ಬಡವರ ಪರ ಬರೆದ ತೀರ್ಪು ಓದಲು ವಕೀಲರೂ ನಿಘಂಟು ತೆಗೆಯಬೇಕು. ಮಗಳನ್ನೇ ಕೇಳಿ.

ಇಂದಿಗೂ ಜಾಮೀನು ಸಿಕ್ಕಿ ಶ್ಯೂರಿಟಿ ಸಿಗದೆ ಒಳಗಿರುವವರಿದ್ದಾರೆ. ಆದರೆ ಜಾಮೀನು ಕೊಡಲೇಬೇಕಾದ ಅಪರಾಧಗಳಲ್ಲಿ, ಬಂಧನವಾಗಿ ಒಂದು ವಾರದೊಳಗೆ ಶ್ಯೂರಿಟಿ ಕೊಡಲಾಗದವನನ್ನು ಬಡವನೆಂದೇ ತಿಳಿದು ಸ್ವಂತ ಬಾಂಡ್ ಮೇಲೆ ಬಿಡಬೇಕು ಎಂದು ಈಗ ಕಾನೂನಿನಲ್ಲೇ ಇದೆ. ಮೋತಿರಾಮ್‌ಗೆ ಅದಕ್ಕಾಗಿ ದೆಹಲಿಯವರೆಗೆ ಹೋಗಬೇಕಾಗಿತ್ತು.