ಫಾರ್ಮ್‌ನಲ್ಲಿ ‘ಇಂಗ್ಲಿಷ್’ ಅಂತ ಬರೆದಿದ್ದರು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮೈಸೂರಿನಿಂದ ನ್ಯೂಜೆರ್ಸಿಗೆ ಹೋದ ಕುಟುಂಬ. ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಸ್ಕೂಲಿನಲ್ಲಿ ಬಾಯೇ ಬಿಡಲ್ಲ, ಕಲಿಕೆಯ ತೊಂದರೆ ಇರಬಹುದು, ಪರೀಕ್ಷೆ ಮಾಡಿಸೋಣ ಅಂತ ಟೀಚರ್ ಹೇಳಿದ್ದರು. ಗಾಬರಿಯಾದ ಅಪ್ಪ ಅಮ್ಮ ಮನೆಯಲ್ಲೂ ಕನ್ನಡ ನಿಲ್ಲಿಸಿದ್ದರು. ಈಗ ಹುಡುಗ ಮನೆಯಲ್ಲೂ ಮಾತಾಡುತ್ತಿಲ್ಲ.

ಅವರು ನನ್ನ ಸಲಹೆ ಕೇಳಿದಾಗ ವಿಡಿಯೋ ಕಾಲ್‌ನಲ್ಲಿ ಅವನ ಲೆಕ್ಕದ ಹಾಳೆ ನೋಡಿದೆ. 43ರಲ್ಲಿ 17 ಕಳೆದಿದ್ದು ಸರಿಯಾಗಿತ್ತು. ‘ಹೌ ಮೆನಿ ಮೋರ್’ ಅಂತ ಇದ್ದ ಕಡೆಯೆಲ್ಲ ಕೂಡಿಸಿಬಿಟ್ಟಿದ್ದ. ಕನ್ನಡದಲ್ಲಿ ಕೇಳಿದೆ: “ನಿನ್ನ ಹತ್ರ 9 ಗೋಲಿ, ನನ್ನ ಹತ್ರ 15. ನನ್ನ ಹತ್ರ ಎಷ್ಟು ಜಾಸ್ತಿ?” “ಆರು ಆಂಟಿ” ಅಂದ ತಕ್ಷಣ. ಆಮೇಲೆ ಗೋಲಿ ಆಡೋದು ಹೇಗೆ ಅಂತ ನನಗೇ ಪಾಠ ಮಾಡಿದ. ಇಷ್ಟರಿಂದಲೇ ತೀರ್ಮಾನ ಮಾಡಬಾರದು, ನಿಜ. ಆದರೆ ಅನುಮಾನ ಕಲಿಕೆಯ ಕಡೆಗಲ್ಲ, ಇಂಗ್ಲಿಷಿನ ಕಡೆಗೆ ತಿರುಗಬೇಕು ಅನ್ನೋದು ಗೊತ್ತಾಯಿತು.

ಅಡ್ಮಿಶನ್ ಫಾರ್ಮ್‌ನಲ್ಲಿ ಮನೆಮಾತು ಏನು ಅಂತ ಬರೆದಿರಿ ಎಂದು ಕೇಳಿದೆ. ಅಪ್ಪ ಸ್ವಲ್ಪ ತಡೆದು, “ಇಂಗ್ಲಿಷ್. ಇಎಸ್‌ಎಲ್ (ಮನೆಮಾತು ಇಂಗ್ಲಿಷ್ ಅಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ) ಕ್ಲಾಸಿಗೆ ಹಾಕಿದರೆ ದಡ್ಡ ಅಂದುಕೊಳ್ತಾರಲ್ವಾ ಮೇಡಂ? ಮೈಸೂರಲ್ಲೂ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ್ದ” ಅಂದರು. ನಮ್ಮೂರಿನ ಎಷ್ಟೋ ಇಂಗ್ಲಿಷ್ ಮೀಡಿಯಂ ಕ್ಲಾಸುಗಳಲ್ಲಿ ಪುಸ್ತಕ ಇಂಗ್ಲಿಷ್, ವಿವರಣೆ ಕನ್ನಡ. ಇದು ಅವರಿಗೂ ಗೊತ್ತು.

ನಾನು ಹೇಳಿದ್ದು: ನಾಳೆಯೇ ಹೋಗಿ ಮನೆಮಾತು ಕನ್ನಡ ಅಂತ ಬರೆದುಕೊಡಿ. ಯಾವ ಮಗುವಿನ ಇಂಗ್ಲಿಷ್ ಪರೀಕ್ಷಿಸಬೇಕು ಅನ್ನೋದು ಶುರುವಾಗುವುದೇ ಆ ಫಾರ್ಮ್‌ನಿಂದ. ಇಎಸ್‌ಎಲ್ ದಡ್ಡರ ಕ್ಲಾಸಲ್ಲ, ಮಗುವಿನ ಹಕ್ಕು. ಸ್ಯಾನ್‌ಫ್ರಾನ್ಸಿಸ್ಕೋದ ಇಂಗ್ಲಿಷ್ ಬಾರದ ಚೀನೀ ಮಕ್ಕಳ ಕೇಸಿನಲ್ಲಿ, 1974ರಲ್ಲೇ, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಇಎಸ್‌ಎಲ್ ಬೇಡ ಅನ್ನಲು ನಿಮಗೆ ಅವಕಾಶವಿದೆ, ಆದರೆ ಅನ್ನಬೇಡಿ.

ಟೀಚರ್ ಹೇಳಿದ ಪರೀಕ್ಷೆಗೂ ಹೆದರಬೇಡಿ. ಮನೆಯಲ್ಲಿ ಕನ್ನಡ ಅಂತ ಅವರಿಗೆ ಮೊದಲೇ ತಿಳಿಸಿ. ಇಂಗ್ಲಿಷ್ ಬಾರದ್ದೇ ಮುಖ್ಯ ಕಾರಣವಾದರೆ ಅದನ್ನು ವೈಕಲ್ಯ ಅನ್ನುವಂತಿಲ್ಲ, ಅಲ್ಲಿನ ಕಾನೂನೇ ಹಾಗಿದೆ. ಮೀಟಿಂಗ್‌ನಲ್ಲಿ ಮಾತು ಅರ್ಥವಾಗದಿದ್ದರೆ ದುಭಾಷಿಯನ್ನು ಕೇಳಿ, ದುಡ್ಡು ಕೊಡಬೇಕಿಲ್ಲ.

ಮನೆಯಲ್ಲಿ ಮಾತ್ರ ಕನ್ನಡವೇ ಇರಲಿ. ಜಗಳ, ಕಥೆ, ಅಜ್ಜಿ ಜೊತೆ ಫೋನು ಎಲ್ಲಾ. ಆಟದ ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಬಂದುಬಿಡುತ್ತೆ. ಪಾಠದ ಇಂಗ್ಲಿಷಿಗೆ ಸಾಮಾನ್ಯವಾಗಿ ಐದು ವರ್ಷ, ಇನ್ನೂ ಜಾಸ್ತಿಯೂ ಬೇಕು.

ಇಎಸ್‌ಎಲ್ ಶುರುವಾಗಿದೆ. ಮನೆಯಲ್ಲಿ ಹುಡುಗ ಮತ್ತೆ ವಟಗುಟ್ಟುತ್ತಿದ್ದಾನೆ, ಕ್ಲಾಸಿನಲ್ಲಿ ಇನ್ನೂ ಕಡಿಮೆಯೇ. ಅಪ್ಪ ಮಾತ್ರ, “ಇಎಸ್‌ಎಲ್‌ನಿಂದ ಯಾವಾಗ ಬಿಡ್ತಾರೆ?” ಅಂತ ಕೇಳುತ್ತಲೇ ಇದ್ದಾರೆ. ವರ್ಷಕ್ಕೊಮ್ಮೆ ಅದಕ್ಕೇ ಪರೀಕ್ಷೆ ಇರುತ್ತೆ, ಅಲ್ಲಿವರೆಗೆ ಅವನನ್ನು ಕೇಳಿ ಕೇಳಿ ಸುಸ್ತು ಮಾಡಬೇಡಿ ಅಂದಿದ್ದೇನೆ.